ಎಲ್ಲ ಹಾಳೆಗೂ ಒಬ್ಬರದೇ ಹೆಸರು

ನಾನು ಟೈಪಿಸ್ಟ್ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿವೃತ್ತಿಯ ದಿನ ನನ್ನ ಕೊರಳಿಗೆ ಹಾರ ಹಾಕಿದವರೂ ‘ನಮ್ಮ ಟೈಪಿಸ್ಟ್ ಕಮಲಕ್ಕಾರು’ ಎಂದೇ ಭಾಷಣ ಮಾಡಿದರು. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ನನ್ನ ಕೆಲಸವೆಂದರೆ, ಬೇರೆಯವರು ಟೈಪು ಮಾಡಿ ಕೆಡಿಸಿ ತಂದ ದೊಡ್ಡ ದೊಡ್ಡ ಫೈಲುಗಳನ್ನು ದಾರಿಗೆ ತರುವುದು. ಇನ್ನೂರು ಮುನ್ನೂರು ಪುಟದ ಪ್ರಬಂಧ, ವರದಿ, ಸ್ಮರಣ ಸಂಚಿಕೆ. ಒಂದರಲ್ಲಿ ಪುಟಸಂಖ್ಯೆ ನಡುವೆಯೇ ಮತ್ತೆ ಒಂದರಿಂದ ಶುರುವಾಗಿರುತ್ತಿತ್ತು. ಇನ್ನೊಂದರಲ್ಲಿ ಅಧ್ಯಾಯದ ಹೆಸರು ಒಂದು ಪುಟದ ಬುಡದಲ್ಲಿ, ಅಧ್ಯಾಯ ಮಾತ್ರ ಮುಂದಿನ ಪುಟದಲ್ಲಿ. ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಮನೆಗೆ ಬಂದು “ಅಕ್ಕಾರ, ಮೊದಲ ಏನು ಕಲೀಬೇಕ್ರಿ?” ಎಂದು ಕೇಳುತ್ತಾರೆ. ಮಾಲಕರ ಮುಂದೆ ‘ಇಲ್ಲ’ ಅನ್ನುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ.

ನನ್ನ ತವರು ಇಳಕಲ್ಲು, ನೇಕಾರರ ಮನೆ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳು, ಹಾಗಾಗಿ ಟೈಪ್‌ರೈಟರಿನ ಸದ್ದು ನನಗೆ ಗಲಾಟೆ ಅನ್ನಿಸಲೇ ಇಲ್ಲ. ಬಾಗಲಕೋಟೆಗೆ ಕೊಟ್ಟ ಮೇಲೆ ಹಳೇ ಊರಿನ ಒಂದು ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಲಿಸುವ ಹೆಂಗಸಿಗೆ ನಮ್ಮ ಕಡೆ ‘ಅಕ್ಕಾರು’ ಎನ್ನುತ್ತಾರೆ, ಆ ಹೆಸರು ಅಲ್ಲಿ ಅಂಟಿದ್ದು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರು ಮೇಲಕ್ಕೆ ಎದ್ದಾಗ ಶಾಲೆ ಮುಚ್ಚಿತು. ಅದೇ ಬೀದಿಯ ಮುದ್ರಣಾಲಯದ ಮಾಲಕರು, ಸಂಗಪ್ಪನವರು, ವಿದ್ಯಾಗಿರಿಗೆ ಬಂದು ಎರಡು ಕಂಪ್ಯೂಟರ್ ಹಾಕಿ ನನ್ನನ್ನು ಕರೆದರು. ಅದು ತೊಂಬತ್ತರ ದಶಕದ ಕೊನೆ. ಸಂಗಪ್ಪನವರು ಸೀಸದ ಮೊಳೆ ಒಂದೊಂದೇ ಜೋಡಿಸಿ ಅಚ್ಚು ಮಾಡಿದ ಕಾಲದವರು. ಒಳ್ಳೆಯವರು, ಆದರೆ ಒಮ್ಮೆ ಬಾಯಿಂದ ಬಂದ ಮಾತನ್ನು ವಾಪಸು ತೆಗೆದುಕೊಳ್ಳುವುದು ಅವರ ಮನೆತನದಲ್ಲೇ ಇರಲಿಲ್ಲ.

ನಮ್ಮ ಕಡೆಯವರೆಲ್ಲ ಕಂಪ್ಯೂಟರಿಗೆ ಬಂದದ್ದು ಟೈಪ್‌ರೈಟರಿನಿಂದ. ಅದರಲ್ಲಿ ಸಾಲು ಮುಗಿಯುತ್ತಾ ಬಂದರೆ ಗಂಟೆ ಹೊಡೆಯುತ್ತದೆ, ಕೈಯಿಂದ ಹಿಡಿ ದೂಡಬೇಕು. ಕಂಪ್ಯೂಟರಿನಲ್ಲಿ ಗಂಟೆ ಇಲ್ಲ, ಆದರೂ ಎಲ್ಲರ ಕಿವಿಯಲ್ಲೂ ಅದು ಹೊಡೆಯುತ್ತಲೇ ಇತ್ತು. ಸಾಲು ಮುಗಿಯಿತೆಂದರೆ ಎಂಟರ್. ತಲೆಬರಹ ನಡುವೆ ಬರಬೇಕೆಂದರೆ ಸ್ಪೇಸ್ ಬಾರ್ ಒತ್ತಿ ಒತ್ತಿ ದೂಡುವುದು. ಹೊಸ ಪುಟ ಬೇಕೆಂದರೆ ಎಂಟರ್, ಎಂಟರ್, ಎಂಟರ್. ಕೋರ್ಟಿನ ಉದ್ದ ಹಾಳೆಯ ಅಳತೆಗೆ ಹೀಗೆ ಹೊಡೆದದ್ದನ್ನು ಸಾದಾ ಹಾಳೆಗೆ ತಂದರೆ ಏನಾಗಬೇಕು? ಮುನ್ನುಡಿಯ ಬಾಲ ಮೊದಲನೆಯ ಅಧ್ಯಾಯದೊಳಗೆ ಹೊಕ್ಕಿರುತ್ತಿತ್ತು. ಅದಕ್ಕೇ ನಾನು ಫೈಲು ತೆರೆದ ಕೂಡಲೇ ಎಂಟರ್ ಒತ್ತಿದಲ್ಲೆಲ್ಲ ಕಾಣುವ ಪ್ಯಾರಾ ಗುರುತನ್ನು ಪರದೆಯ ಮೇಲೆ ತೋರಿಸಿಕೊಂಡೇ ಕೂರುತ್ತಿದ್ದೆ. ಗಿರಾಕಿಗಳು ಅದನ್ನು ನೋಡಿ ಬೆದರುತ್ತಿದ್ದರು. “ಅಕ್ಕಾರ, ನಮ್ಮ ಪುಸ್ತಕದಾಗ ಇವೇನ್ರಿ, ಇರುವಿ ಸಾಲು ಹಚ್ಚಿದಂಗ?” ನಿಮ್ಮವೇ ಇರುವೆ, ನೀವೇ ಸಾಕಿದ್ದು, ಎನ್ನುತ್ತಿದ್ದೆ.

ಕನ್ನಡದವರಿಗೇ ಮೀಸಲಾದ ಇನ್ನೊಂದು ಅನಾಹುತವಿತ್ತು. ಆಗಿನ ಕನ್ನಡ ಅಕ್ಷರ ಬರೀ ಫಾಂಟಿನ ವೇಷ. ಒಳಗಿರುವುದು ಇಂಗ್ಲಿಷಿನ ಗುರುತುಗಳೇ. ವೇಷ ಕಳಚಿದರೆ ಕನ್ನಡವೂ ಹೋಯಿತು. ಬಾದಾಮಿಯ ಒಂದು ಕಾಲೇಜಿನ ಸ್ಮರಣ ಸಂಚಿಕೆ ನಮ್ಮಲ್ಲಿ ತಯಾರಾಗಿತ್ತು. ನಾನು ಊಟಕ್ಕೆ ಹೋದಾಗ ಸಂಗಪ್ಪನವರು, ಇಂಗ್ಲಿಷ್ ಲೇಖನಗಳ ಅಕ್ಷರ ಚೆಂದವಿಲ್ಲವೆಂದು, ಇಡೀ ಫೈಲನ್ನೇ ಆರಿಸಿ ಒಳ್ಳೆಯದೊಂದು ಇಂಗ್ಲಿಷ್ ಫಾಂಟು ಹಚ್ಚಿ, ಉಳಿಸಿ, ಮುಚ್ಚಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಬಂದು ತೆರೆದರೆ ಪ್ರಾಚಾರ್ಯರ ಸಂದೇಶದಲ್ಲಿ ಡಾಲರು, ಆಶ್ಚರ್ಯಸೂಚಕ, ಸೊಟ್ಟ ಗೀಟು.

“ಏನ್ರಿ ಮಾಲಕರ, ಇದೇನು?” ಅಂದೆ.

“ಮಂತ್ರ ಇದ್ದಂಗೈತಲ್ಲವಾ,” ಎಂದರು, ತಮಗೂ ಇದಕ್ಕೂ ಸಂಬಂಧವೇ ಇಲ್ಲದವರಂತೆ. ಆಮೇಲೆ ಮೆಲ್ಲಗೆ, “ಕನ್ನಡ ಫಾಂಟು ಹಚ್ಚಿ ನೋಡ್ರಿ, ತಿರುಗಿ ಬರ್ತೈತಿ.”

ಹಚ್ಚಿದರೆ ಕನ್ನಡ ಬಂತು, ಇಂಗ್ಲಿಷ್ ಲೇಖನಗಳೆಲ್ಲ ಕನ್ನಡದ ಗೊಂಡಾರಣ್ಯವಾದವು. ಒಂದೊಂದು ಪ್ಯಾರಾವನ್ನೂ ಬೇರೆ ಮಾಡುತ್ತ ನಾನು ವಾರವಿಡೀ ಕೂತೆ. ಆ ವಾರ ಗೋಡೆಗೆ ಒಂದು ಚೀಟಿ ಅಂಟಿಸಿದೆ: ಮಾಲಕರೂ ಸೇರಿ ಯಾರೂ ಫೈಲು ಮುಟ್ಟಬಾರದು. ಸಂಗಪ್ಪನವರು ‘ಮಾಲಕರೂ ಸೇರಿ’ ಎಂಬುದನ್ನು ಪೆನ್ನಿನಿಂದ ಹೊಡೆದು ಹಾಕಿದರು. ನಾನು ಮರುದಿನ ಬೇರೆ ಚೀಟಿ ಅಂಟಿಸಿದೆ. ಹೀಗೇ ಕೆಲವು ದಿನ ನಡೆಯಿತು, ಕೊನೆಗೆ ಅವರಿಗೆ ಬೇಸರ ಬಂತು.

ಆ ವಾರದಿಂದ ನಾನು ಹಟ ಹಿಡಿದು ಸ್ಟೈಲ್ ಕಲಿತೆ. ಇದು ಅಧ್ಯಾಯದ ಹೆಸರು, ಇದು ಮೈಬರಹ, ಇದು ಇಂಗ್ಲಿಷ್ ಉದ್ಧರಣೆ ಎಂದು ಪ್ರತಿ ಪ್ಯಾರಾಕ್ಕೂ ಒಂದು ಗುರುತು ಹಚ್ಚಿಬಿಡುವುದು. ಆಮೇಲೆ ಗುರುತಿನ ಲಕ್ಷಣ ಒಂದು ಕಡೆ ಬದಲಿಸಿದರೆ ಇಡೀ ಪುಸ್ತಕದಲ್ಲಿ ಬದಲಾಗುತ್ತದೆ, ಬೇರೆಯವು ತಂಟೆಗೆ ಬರುವುದಿಲ್ಲ. ಮೊದಲು ತಡವಾಗುತ್ತದೆ. ಸಂಗಪ್ಪನವರು ನನ್ನ ಬೆನ್ನ ಹಿಂದೆ ನಿಂತು, “ಸ್ಪೇಸ್ ಹೊಡದು ಕೊಟ್ಟು ಕಳಸ್ರಿ, ಕಾಗದದ ಮ್ಯಾಲೆ ಯಾರಿಗೆ ಗೊತ್ತಾಗ್ತೈತಿ?” ಎನ್ನುತ್ತಿದ್ದರು. ನನಗೆ ಗೊತ್ತಾಗ್ತೈತಿ, ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಹುನಗುಂದದಿಂದ ಒಬ್ಬ ಗುತ್ತಿಗೆದಾರರು ಬರುತ್ತಿದ್ದರು, ಮರೋಳದ ಕಡೆ ಕಾಲುವೆ ಕೆಲಸ ಹಿಡಿದವರು. ಅವರ ವರದಿಯಲ್ಲಿ ನಡುನಡುವೆ ಅಡ್ಡ ಹಾಳೆಯ ಕೋಷ್ಟಕಗಳು. ಅಡ್ಡ ಹಾಳೆಗೂ ಉದ್ದ ಹಾಳೆಗೂ ನಡುವೆ ಸೆಕ್ಷನ್ ಬ್ರೇಕ್ ಎಂಬ ಒಂದು ಗಡಿ ಇರುತ್ತದೆ, ಪರದೆಯ ಮೇಲೆ ಎರಡು ಚುಕ್ಕೆ ಗೆರೆ, ಅಷ್ಟೇ. ಆ ಗಡಿಯನ್ನು ಅಳಿಸಿದರೆ ಮೇಲಿನ ಭಾಗ ಕೆಳಗಿನ ಭಾಗದ ಗುಣವನ್ನು ತೆಗೆದುಕೊಳ್ಳುತ್ತದೆ. ಗುತ್ತಿಗೆದಾರರು ಮನೆಯಲ್ಲಿ ಫೈಲು ತೆರೆದು, “ಈ ಚುಕ್ಕಿ ಗೆರಿ ಯಾಕ ಬೇಕು” ಎಂದು ಅಳಿಸಿ, ಇಡೀ ವರದಿಯನ್ನು ಅಡ್ಡ ಮಲಗಿಸಿಕೊಂಡು ಬಂದರು. ಜೊತೆಗೆ ತಲೆಬರಹಗಳನ್ನೂ ಅಳಿಸಿ ಕೈಯಿಂದ ಹೊಸದು ಬರೆದಿದ್ದರು. ಹಾಗೆ ಮಾಡಬೇಡಿ, ಪರಿವಿಡಿ ಅವುಗಳನ್ನೇ ಹಿಡಿದುಕೊಂಡು ನಿಂತಿದೆ ಎಂದು ಹೇಳಿದ್ದೆ. “ಆಮ್ಯಾಲೆ ನೋಡೂಣ, ಪ್ರಿಂಟ್ ಕೊಡ್ರಿ,” ಎಂದು ನಿಂತುಕೊಂಡೇ ಮುದ್ರಿಸಿಕೊಂಡು ಹೋದರು. ಪರಿವಿಡಿಯಲ್ಲಿ ಪುಟಸಂಖ್ಯೆ ಇರಬೇಕಾದ ಕಡೆಯೆಲ್ಲ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ‘ಎರರ್’ ಎಂದು ಅಚ್ಚಾಗಿ, ಚಿನ್ನದ ಅಕ್ಷರದ ರಟ್ಟು ಹೊದ್ದು, ಮೇಲಿನವರ ಮೇಜಿಗೆ ಹೋಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಗುತ್ತಿಗೆದಾರರು ನನ್ನನ್ನು ಬೈಯಲು ಬಂದರು. ನಾನೂ ಬೈದೆ. ಮುಂದಿನ ಸಲ ಫೈಲು ನನ್ನ ಹತ್ತಿರವೇ ಬಿಟ್ಟು ಹೋದರು.

ಇವೆಲ್ಲ ನಗುವ ಸಂಗತಿ. ನಗಲು ಆಗದ ಒಂದು ಸಂಗತಿ ಇದೆ. ಅದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ.

ಇಳಕಲ್ಲಿನಲ್ಲಿ ನೇಕಾರಿಕೆಯ ತರಬೇತಿ ಕೇಂದ್ರವೊಂದು ತೆರೆಯುವುದಿತ್ತು. ಅದನ್ನು ನಡೆಸುವ ಸಂಸ್ಥೆಯವರು ಮೊದಲು ಒಂದು ಪುಸ್ತಕ ಮಾಡಿಸಿದರು. ಒಬ್ಬೊಬ್ಬ ನೇಕಾರರಿಗೂ ಒಂದೊಂದು ಅಧ್ಯಾಯ. ಅವರು ಹೇಳಿದ್ದು, ಅವರ ಕೆಲಸದ ಚಿತ್ರ, ಪುಟದ ನೆತ್ತಿಯಲ್ಲಿ ಅವರ ಹೆಸರು. ಹೊರಗಿನಿಂದ ಬರುವ ಸಮಿತಿ ಇದನ್ನು ಓದಿ, ಯಾವ ಕೆಲಸ ಕಲಿಸಲು ಯಾರನ್ನು ಕರೆಯಬೇಕೆಂದು ಗೊತ್ತುಮಾಡುವುದಿತ್ತು. ಅವರಿಗೆ ಊರವರು ಯಾರೂ ಪರಿಚಯವಿಲ್ಲ, ಪುಸ್ತಕದಲ್ಲಿ ಕಂಡ ಹೆಸರೇ ಹೆಸರು. ಮೊದಲ ಅಧ್ಯಾಯ ವಿರೂಪಾಕ್ಷಪ್ಪ ಸಾವುಕಾರರದು. ಬಹಳ ಮಗ್ಗಗಳ ಒಡೆಯರು, ಪುಸ್ತಕದ ಖರ್ಚಿಗೂ ಕೈಜೋಡಿಸಿದ್ದರು.

ಕೊನೆಕೊನೆಯ ಅಧ್ಯಾಯಗಳಲ್ಲಿ ಗಂಗವ್ವನದೊಂದು. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಗಂಗಕ್ಕ ಅನ್ನುತ್ತಿದ್ದೆ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ; ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಗಂಡಸು ಮಗ್ಗದ ಮೇಲೆ ಕೂತು ನೇಯುತ್ತಾನೆ, ಸೀರೆ ಅವನದಾಗುತ್ತದೆ. ಕೊಂಡಿ ಹಾಕುವ ಹೆಂಗಸರು ಬಹಳ ಮನೆಗಳಲ್ಲಿ ಲೆಕ್ಕಕ್ಕೇ ಇಲ್ಲ. ಗಂಗಕ್ಕ ಸಾವುಕಾರರ ಮಗ್ಗಗಳಿಗೆ ಹರೆಯದಿಂದ ಕೊಂಡಿ ಹಾಕಿದವಳು. ಈಚೆಗೆ ಸ್ವಂತ ಮಗ್ಗ ಹಾಕಿದ್ದಳು. ಸಂಸ್ಥೆಯ ಹುಡುಗಿ ಬಂದು ಕೇಳಿದಾಗ ಕೊಂಡಿಯ ಕೆಲಸವನ್ನು ಬಿಡಿಸಿ ಬಿಡಿಸಿ ಹೇಳಿದ್ದಳು. ಆ ಪುಸ್ತಕದಲ್ಲಿ ಅದನ್ನು ಹೇಳಿದವಳು ಅವಳೊಬ್ಬಳೇ.

ಕರಡು ನೋಡಲು ಗಂಗಕ್ಕ ಹುನಗುಂದದ ಮೇಲೆ ಬಸ್ಸು ಹಿಡಿದು ಬಾಗಲಕೋಟೆಗೆ ಬಂದಳು. ಬೆರಳಿಟ್ಟು ಓದುತ್ತಾ ಹೋದವಳು ಹಾಳೆಯ ಮೇಲ್ತುದಿಗೆ ಬಂದು ನಿಂತಳು.

“ಅಕ್ಕಾರ, ಮಾತು ನಂದೈತಿ. ನೆತ್ತಿ ಮ್ಯಾಲೆ ಸಾವುಕಾರ್ರ ಹೆಸರು ಯಾಕ ಐತ್ರಿ?”

ನೋಡಿದೆ. ಅವಳ ಅಧ್ಯಾಯದ ಮೇಲಷ್ಟೇ ಅಲ್ಲ, ಎಲ್ಲರ ಅಧ್ಯಾಯದ ಮೇಲೂ ವಿರೂಪಾಕ್ಷಪ್ಪ. ಕಾರಣ ನನಗೆ ಕೂಡಲೇ ಹೊಳೆಯಿತು. ಪುಟದ ನೆತ್ತಿಯ ಸಾಲಿಗೆ ಹೆಡರ್ ಎನ್ನುತ್ತಾರೆ. ಹೊಸ ಭಾಗ ಶುರುಮಾಡಿದಾಗ ‘ಹಿಂದಿನಂತೆಯೇ ಇರಲಿ’ ಎಂಬ ಏರ್ಪಾಡು ಅದರಲ್ಲಿ ತಾನಾಗಿಯೇ ಬಂದಿರುತ್ತದೆ. ಅದನ್ನು ಭಾಗ ಭಾಗಕ್ಕೂ ಬಿಡಿಸದಿದ್ದರೆ ಎಲ್ಲವೂ ಒಂದೇ ಸರಪಳಿ. ಒಂದು ಕಡೆ ಬರೆದ ಹೆಸರು ಎಲ್ಲ ಕಡೆ ಬೀಳುತ್ತದೆ. ಯಾರೋ ಮೊದಲ ಅಧ್ಯಾಯಕ್ಕೆ ಕೊನೆಯಲ್ಲಿ ಕೈ ಹಾಕಿದ್ದರು.

“ಮಶೀನಿನ ತಪ್ಪದು ಗಂಗಕ್ಕ, ಈಗ ತಿದ್ದತೇನಿ,” ಅಂದೆ.

ಪಕ್ಕದಲ್ಲಿ ಕೂತಿದ್ದ ಸಂಗಪ್ಪನವರು ಕೈ ಎತ್ತಿದರು. “ಇರಲಿ ಬಿಡ್ರಿ ಅಕ್ಕಾರ. ಸಾವುಕಾರ್ರು ಭಾಳ ಪ್ರತಿ ಕೊಳ್ಳವರು ಅದಾರ. ಹೆಸರು ನೋಡಿ ಖುಷಿ ಪಡ್ತಾರ. ಒಳಗ ಮಾತು ಅವರವರದು ಐತೆಲ್ಲಾ, ಮತ್ತೇನು?”

ಗಂಗಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅವಳ ದನಿ ಏರಲಿಲ್ಲ. “ಸೀರಿ ಅವರ ಹೆಸರಿಲೆ ಹೋದುವು, ಹೋಗ್ಲಿ. ಪ್ರದರ್ಶನದಾಗ ಬಹುಮಾನ ಅವರ ಹೆಸರಿಲೆ ಬಂತು, ಬರ್ಲಿ. ಈಗ ನಾ ಕಲಿಸಾಕ ಹೋಗಬೇಕಂತೇನಿ. ಈ ಹಾಳಿ ನೋಡಿದವರು ಏನಂತಾರ? ಇಕಿ ಸಾವುಕಾರ್ರ ಮನಿ ಕೂಲಿಯಾಕಿ, ಅವರನ್ನ ಕೇಳೂಣ ಅಂತಾರ. ನನ್ನನ್ನ ಯಾರು ಕರೀತಾರ್ರಿ?”

“ಸೋಮವಾರ ಸಾವುಕಾರ್ರು ಬರ್ತಾರ. ಅವರು ಹೂಂ ಅಂದ್ರ ತಿದ್ದೂಣ,” ಎಂದರು ಸಂಗಪ್ಪನವರು. ಬಾಯಿಂದ ಬಂದುಬಿಟ್ಟಿತು, ಇನ್ನು ಮುಗಿಯಿತು.

“ಸೋಮವಾರ ನಾನೂ ಬರ್ತೇನಿ,” ಎಂದಳು ಗಂಗಕ್ಕ.

ಅವಳು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ನನ್ನ ಅವ್ವನೂ ಕೊಂಡಿ ಹಾಕಿದವಳೇ. ಅವಳು ಕೊಂಡಿ ಹಾಕಿದ ಒಂದು ಸೀರೆಯ ಮೇಲೂ ಅವಳ ಹೆಸರಿಲ್ಲ, ಇರುವುದೂ ಸಾಧ್ಯವಿಲ್ಲ. ಆದರೆ ಪುಸ್ತಕದ ಹಾಳೆಯ ಮೇಲೆ ಸಾಧ್ಯವಿತ್ತು, ನನ್ನ ಕೈಯಲ್ಲಿ ಇತ್ತು, ಕೆಲವೇ ಗುಂಡಿ ಒತ್ತುವ ಕೆಲಸ. ತಿದ್ದಿ ಸುಮ್ಮನೆ ಅಚ್ಚಿಗೆ ಕಳಿಸಬಹುದಿತ್ತು. ಅದನ್ನು ಮಾಡಲಿಲ್ಲ. ಕದ್ದು ತಿದ್ದಿದರೆ ಅದು ನಾನು ಗಂಗಕ್ಕನಿಗೆ ಮಾಡಿದ ಉಪಕಾರವಾಗುತ್ತದೆ. ಅವಳಿಗೆ ಉಪಕಾರ ಬೇಕಿರಲಿಲ್ಲ, ಹೆಸರು ಬೇಕಿತ್ತು.

ಸರಪಳಿಯನ್ನು ಬಿಡಿಸದೆ ಹಾಗೇ ಇಟ್ಟೆ. ಗಂಗಕ್ಕನ ಅಧ್ಯಾಯಕ್ಕೆ ಹೋಗಿ, ಹೆಡರಿನಲ್ಲಿ ‘ವಿರೂಪಾಕ್ಷಪ್ಪ’ ಎಂಬುದನ್ನು ಅಳಿಸಿ ‘ಗಂಗವ್ವ’ ಎಂದು ಬರೆದೆ. ಇಡೀ ಪುಸ್ತಕವನ್ನು ಒಂದು ಪ್ರತಿ ಮುದ್ರಿಸಿ ಜೋಡಿಸಿಟ್ಟೆ.

ಸೋಮವಾರ ಸಾವುಕಾರರು ಬಂದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೂತ ಕುರ್ಚಿ ಚಿಕ್ಕದಾಗಿ ಕಾಣುವಂಥ ಆಳು. ಗಂಗಕ್ಕ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದಳು. ಸಂಗಪ್ಪನವರು ಚಹಾ ತರಿಸಿದರು. ನಾನು ಪ್ರತಿಯನ್ನು ಸಾವುಕಾರರ ಮುಂದಿಟ್ಟೆ. ಅವರು ತಮ್ಮ ಫೋಟೋ ಇರುವ ಪುಟ ತೆರೆದರು. ತಮ್ಮ ಟೊಪ್ಪಿಗೆಯ ಚಿತ್ರದ ಮೇಲೆ ಗಂಗವ್ವ. ಪುಟ ತಿರುವಿದರು. ಅವರ ಅಜ್ಜ ನೆಲದಲ್ಲಿ ಕುಣಿ ತೋಡಿ ಹೂಡಿದ ಕುಣಿಮಗ್ಗದ ಚಿತ್ರದ ಮೇಲೆ ಗಂಗವ್ವ. ಮತ್ತೆ ತಿರುವಿದರು. ಗಂಗವ್ವ, ಗಂಗವ್ವ.

“ಏನಿದು? ಮಗ್ಗ ನಂದು, ನೂಲು ನಂದು, ನಮ್ಮಜ್ಜನ ಹೆಸರು ಒಳಗೈತಿ. ಇದರ ಮ್ಯಾಲೆ ಗಂಗಿ ಹೆಸರು ಹೆಂಗ ಬಂತು?”

“ಮಶೀನು ಹಂಗ ಮಾಡೇತ್ರಿ,” ಅಂದೆ. “ಒಬ್ಬರ ಹೆಸರು ಬರದ್ರ ಎಲ್ಲಾರ ಮ್ಯಾಲೂ ಬೀಳತೈತಿ. ಹೋದ ವಾರ ನಿಮ್ಮ ಹೆಸರು ಎಲ್ಲಾರ ಮ್ಯಾಲೆ ಬಿದ್ದಿತ್ತು. ಇರಲಿ ಬಿಡ್ರಿ ಅಂದ್ರು ಮಾಲಕರು. ಈಗ ಇಕಿದು ಬಿದ್ದೈತಿ. ಇರಲಿ ಬಿಡ್ರಿ.”

ಸಂಗಪ್ಪನವರು ಚಹಾ ಕೆಳಗಿಟ್ಟರು. “ಅಕ್ಕಾರ, ನಿಮಗ ತಲಿ ಕೆಟ್ಟೇತೇನು?”

“ಕೆಟ್ಟಿದ್ದು ಫೈಲು, ಮಾಲಕರ. ನನ್ನ ತಲಿ ನೆಟ್ಟಗೈತಿ.”

ಸಾವುಕಾರರು ಪ್ರತಿಯನ್ನು ಮುಚ್ಚಿದರು. ಮುಖ ಕೆಂಪಾಗಿತ್ತು. “ಯಾರ ಹೆಸರೂ ಬ್ಯಾಡ. ಎಲ್ಲಾರದೂ ತಗದು ಹಾಕ್ರಿ, ಬರೀ ಹಾಳಿ ಇರಲಿ,” ಎಂದರು. ಸಂಗಪ್ಪನವರಿಗೆ ಜೀವ ಬಂದಂತಾಯಿತು. “ಅದ ಛಲೋ, ಅದ ಛಲೋ,” ಎಂದು ತಲೆ ಆಡಿಸಿದರು.

ಆಗ ಗಂಗಕ್ಕ ಬೆಂಚಿನಿಂದ ಎದ್ದು ಬಂದಳು. ಸೆರಗು ಸರಿಮಾಡಿಕೊಂಡಳು. “ಸಾವುಕಾರ್ರ, ನಿಮ್ಮ ಹೆಸರು ಯಾಕ ತಗೀಬೇಕ್ರಿ? ನಿಮ್ಮ ಅಜ್ಜಾರು ಕುಣಿ ತೋಡಿದ್ದು ಖರೇ ಐತಿ, ನೀವು ಊರಿಗೆ ಕೆಲಸ ಕೊಟ್ಟದ್ದು ಖರೇ ಐತಿ. ನಿಮ್ಮ ಹಾಳಿ ಮ್ಯಾಲೆ ನಿಮ್ಮ ಹೆಸರು ದಪ್ಪಗ ಇರಲಿ. ಕೊಂಡಿ ಹಾಕಿದ್ದು ನಾನು. ಅದೂ ಖರೇ ಐತಿ, ನಿಮಗೂ ಗೊತ್ತೈತಿ. ನನ್ನ ಹಾಳಿ ಮ್ಯಾಲೆ ನಂದಿರಲಿ.”

ಸಾವುಕಾರರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅವಳನ್ನೇ ನೋಡಿದರು. ಅಷ್ಟು ವರ್ಷ ತಮ್ಮ ಮಗ್ಗದ ಮುಂದೆ ಕುಕ್ಕರುಗಾಲಿನಲ್ಲಿ ಕೂತವಳು ತಮ್ಮೆದುರು ಎದ್ದು ನಿಂತದ್ದನ್ನು ಅವರು ಅಂದೇ ನೋಡಿದ್ದಿರಬೇಕು. ಕೊನೆಗೆ ನನ್ನ ಕಡೆ ತಿರುಗಿ, “ಅವರವರದು ಅವರವರಿಗೆ ಹಾಕ್ರಿ,” ಎಂದು ಎದ್ದು ಹೋದರು. ಚಹಾ ಕುಡಿಯಲಿಲ್ಲ.

ಅವರ ಮುಂದೆಯೇ ಮಾಡಬೇಕೆಂದಿದ್ದೆ, ಆಗಲಿಲ್ಲ. ಗಂಗಕ್ಕನ ಮುಂದೆ ಮಾಡಿದೆ. ಭಾಗ ಭಾಗಕ್ಕೂ ಹೋಗಿ ಹಿಂದಿನದರ ಜೊತೆಗಿನ ನಂಟು ಬಿಡಿಸಿದೆ, ಆಮೇಲೆ ಹೆಸರು ಬರೆದೆ. ಮೊದಲು ಬಿಡಿಸಬೇಕು, ಆಮೇಲೆ ಬರೆಯಬೇಕು. ಈ ಕ್ರಮ ತಪ್ಪಿದರೆ ಮತ್ತೆ ಅದೇ ಗೋಳು. ಹೊಸ ಹುಡುಗಿಯರು ಇದೊಂದನ್ನು ಬರೆದಿಟ್ಟುಕೊಳ್ಳಲಿ.

ಸಾವುಕಾರರು ಬಹಳ ಪ್ರತಿ ಕೊಳ್ಳಲಿಲ್ಲ, ಒಂದನ್ನು ಕೊಂಡರು. ಸಂಗಪ್ಪನವರು ನನ್ನನ್ನು ಫೈಲುಗಳಿಂದ ಎಬ್ಬಿಸಿ ಲಗ್ನಪತ್ರಿಕೆಯ ಮೇಜಿಗೆ ಕೂರಿಸಿದರು. ಅದು ಶಿಕ್ಷೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶಿರೂರಿನ ಮದುಮಗ, ಬಾದಾಮಿಯ ಮದುಮಗಳು, ‘ತಮ್ಮ ಆಗಮನಾಭಿಲಾಷಿಗಳು’. ಒಂದೇ ಹಾಳೆ, ಹೆಡರಿಲ್ಲ, ಪುಟಸಂಖ್ಯೆಯಿಲ್ಲ, ಯಾವ ತಾಪತ್ರಯವೂ ಇಲ್ಲ. ಆರಾಮಾಗಿ ಕೂತು ಹಾಡಿಕೊಳ್ಳುತ್ತಾ ಮಾಡಿದೆ. ಅವರಿಗೆ ನನ್ನ ಹಾಡು ಕೇಳಿ ಕೇಳಿ ಸಾಕಾಯಿತೋ, ಹೊರಗೆ ಪ್ರಬಂಧದವರು ಕಾದು ನಿಂತರೋ, ಲಗ್ನದ ಸುಗ್ಗಿ ಮುಗಿಯುವ ಮೊದಲೇ, “ಹೋಗ್ರಿ, ನಿಮ್ಮ ಇರುವಿ ಕಾಯ್ಕೊಂಡು ಕುಂದರ್ರಿ,” ಎಂದು ವಾಪಸು ಕಳಿಸಿದರು. ಕ್ಷಮೆ ಕೇಳು ಎಂದು ಅವರು ಅನ್ನಲಿಲ್ಲ. ಅಂದಿದ್ದರೂ ಕೇಳುತ್ತಿರಲಿಲ್ಲ. ಗಿರಾಕಿ ಹೋದದ್ದು ನನ್ನಿಂದಲೇ, ಅದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಕೊಂಡಿ ಕಲಿಸಲು ಗಂಗಕ್ಕನನ್ನೇ ಕರೆದರು. ಕೆಲವು ತಿಂಗಳು ಕಳೆದ ಮೇಲೆ ತವರಿಗೆ ಹೋದಾಗ ಅವಳ ತರಬೇತಿ ಕೇಂದ್ರಕ್ಕೆ ಹೋದೆ. ಹೊಸ ತಂಡ ಸೇರುವ ದಿನ ಅದು. ಗಂಗಕ್ಕ ಮಗ್ಗದ ಮುಂದೆ ಕುರ್ಚಿಯ ಮೇಲೆ ಕೂತು ಕೆಂಪು ರೇಷ್ಮೆಯ ಎಳೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಕಣ್ಣಿನಲ್ಲೇ ಕೂರಲು ಹೇಳಿದಳು, ಕೈ ನಿಲ್ಲಿಸಲಿಲ್ಲ. ಬಾಗಿಲ ಹತ್ತಿರ ಗುಮಾಸ್ತ ಕಲಿಯಲು ಬಂದವರನ್ನು ಬರೆದುಕೊಳ್ಳುತ್ತಿದ್ದ. ಸಾಲಿನಲ್ಲಿ ಒಬ್ಬ ಹುಡುಗಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಗುಮಾಸ್ತ ಎದ್ದು ನಿಂತು, “ಬರ್ರಿ ಬರ್ರಿ, ನಿಮ್ಮನ್ನೇನು ಕೇಳೂದು, ನಮಗ ಗೊತ್ತಿಲ್ಲೇನು,” ಎಂದು ತಾನು ಬರೆಯುತ್ತಿದ್ದುದನ್ನು ಗಟ್ಟಿಯಾಗಿ ಓದಿದ: “ವಿರೂಪಾಕ್ಷಪ್ಪ ಸಾವುಕಾರ್ರ ಸಣ್ಣ ಸೊಸಿ.”

ಗಂಗಕ್ಕನ ಕೈ ನಿಂತಿತು.

“ಅದನ್ನ ಹೊಡದು ಹಾಕ್ರಿ,” ಎಂದಳು ಕೂತಲ್ಲಿಂದಲೇ. “ಆ ಹುಡುಗಿಗೊಂದು ಹೆಸರೈತಿ. ಕೇಳಿ ಬರೀರಿ.”

ಗುಮಾಸ್ತ ಪೆನ್ನು ಹಿಡಿದು ಹುಡುಗಿಯ ಮುಖ ನೋಡಿದ. ಅವಳು ಏನೋ ಅಂದಳು, ಅದು ಯಾರಿಗೂ ಕೇಳಿಸಲಿಲ್ಲ.

“ಜೋರಾಗಿ ಹೇಳವಾ,” ಎಂದಳು ಗಂಗಕ್ಕ. “ಮಾವನ ಮನಿತನಕ ಕೇಳಬೇಕು.”